ಪೂರ್ಣ ಹೆಸರಿನ ಜಾಗದಲ್ಲಿ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ವರ್ಷ ಎರಡು ಸಾವಿರದ ಮೂರೋ ನಾಲ್ಕೋ ಎಂಬುದೇ ನನಗೆ ಖಚಿತವಿಲ್ಲ. ಆಗಲೂ ದಿನಚರಿ ಬರೆಯುತ್ತಿದ್ದೆ, ಆದರೆ ಆ ಮಳೆಗಾಲದ ಪುಟಗಳಲ್ಲಿ ಇರುವುದು ಮಳೆ, ಹೋದ ಕರೆಂಟು, ತಪ್ಪಿದ ಬಸ್ಸು, ಇಷ್ಟೇ. ಮುಖ್ಯವಾದದ್ದನ್ನು ಯಾಕೆ ಬರೆಯಲಿಲ್ಲ? ಅದು ಮುಖ್ಯವೆಂದು ಆಗ ಗೊತ್ತಾಗಲಿಲ್ಲವೋ, ಬರೆಯಲು ಅಳುಕಿದೆನೋ, ಹೇಳಲಾರೆ. ಮಾತುಗಳನ್ನು ಕಿವಿಯಲ್ಲಿ ಉಳಿದಂತೆ ಬರೆಯುತ್ತಿದ್ದೇನೆ. ಕಿವಿಯೂ ಇಷ್ಟು ವರ್ಷಗಳಲ್ಲಿ ತನಗೆ ಬೇಕಾದಂತೆ ತಿದ್ದಿಕೊಂಡಿರಬಹುದು.

ಕಳೆದ ಮಳೆಗಾಲದಲ್ಲಿ ಹೊನ್ನಾವರಕ್ಕೆ ಹೋಗಿದ್ದಾಗ ರವಿಕೆ ಹೊಲಿಯಲು ಕೊಡೋಣವೆಂದು, ಯಾರೋ ಹೇಳಿದ ಗುರುತಿನ ಮೇಲೆ, ಬಸ್ ನಿಲ್ದಾಣದ ಹತ್ತಿರದ ಹಳೆಯ ಕಟ್ಟಡವೊಂದರ ಮೆಟ್ಟಿಲು ಹತ್ತಿದೆ. ಅರ್ಧ ಹತ್ತಿದ ಮೇಲಷ್ಟೇ ಎಲ್ಲಿಗೆ ಬಂದಿದ್ದೇನೆಂದು ತಿಳಿಯಿತು. ಗೋಡೆಗೆ ಒರಗಿಸಿದ ಒದ್ದೆ ಕೊಡೆಗಳು, ಅವುಗಳಿಂದ ಇಳಿದು ಸಿಮೆಂಟಿನ ಮೇಲೆ ನಿಂತ ನೀರು, ತಿಂಗಳುಗಟ್ಟಲೆ ಮುಚ್ಚಿದ ಕಿಟಕಿಯ ಮುಗ್ಗಲು ವಾಸನೆ. ಮೇಲೆ ಹೊಲಿಗೆ ಯಂತ್ರಗಳಿದ್ದ ಕೋಣೆಯಲ್ಲಿ ಒಂದು ಕಾಲಕ್ಕೆ ನಾನು ಕೆಲಸ ಮಾಡುತ್ತಿದ್ದ ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಅಳತೆ ತೆಗೆದುಕೊಂಡ ಹೆಂಗಸು ಚೀಟಿಯ ಮೇಲೆ ಬರೆಯಲು ಹೆಸರು ಕೇಳಿದಳು. ತಲೆಗೆ ಮೊದಲು ಬಂದದ್ದು ನನ್ನ ಹೆಸರಲ್ಲ, ಅತ್ತಿಗೆಯದು. ಅದೂ ಅವಳ ಎರಡು ಹೆಸರುಗಳಲ್ಲಿ ಹಳೆಯದು.

ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದ ನನಗೆ ಆ ಕೇಂದ್ರದಲ್ಲಿ ಲ್ಯಾಬ್ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಮನೆ ಕಾಸರಕೋಡದಲ್ಲಿ, ಶರಾವತಿ ಸೇತುವೆಯ ಈಚೆ. ಕೇಂದ್ರದ ಮಾಲೀಕರು ಎಲ್ಲಿಂದಲೋ ತಂದ ಹಳೆಯ ಯಂತ್ರಗಳನ್ನು ಒಂದು ಸರ್ವರಿಗೆ ಜೋಡಿಸಿ ಅದರಲ್ಲಿ ಲಿನಕ್ಸ್ ಎಂಬ ತಂತ್ರಾಂಶ ಹಾಕಿಸಿದ್ದರು. ಚಿತ್ರ, ಬಣ್ಣ, ಮೌಸ್ ಯಾವುದೂ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಏನು ಬೇಕಾದರೂ ಕೀಲಿಮಣೆಯಲ್ಲಿ ಹೊಡೆದೇ ಹೇಳಬೇಕು. ಪ್ರತಿ ವಿದ್ಯಾರ್ಥಿಗೂ ಒಂದು ಖಾತೆ. ಆ ಖಾತೆಗೆ ಒಳಗೆ ಬರಲು ಒಂದು ಹೆಸರು, ಗುಪ್ತಪದ, ಫೈಲುಗಳನ್ನಿಡಲು ಒಂದು ಜಾಗ. ಇದಲ್ಲದೆ 'ಪೂರ್ಣ ಹೆಸರು' ಎಂದು ಒಂದು ಸಣ್ಣ ಅಂಕಣ. ಇವನ್ನೆಲ್ಲ ಹುಟ್ಟಿಸುವುದು, ತಿದ್ದುವುದು, ಅಳಿಸುವುದು ನನ್ನ ಕೆಲಸ. ರೂಟ್ ಎಂಬ ಸರ್ವಾಧಿಕಾರದ ಖಾತೆ ನನ್ನ ಕೈಯಲ್ಲಿತ್ತು. ಅದರಲ್ಲಿ ಕೂತವರನ್ನು ಯಂತ್ರ 'ನಿಜವಾಗಿ ಮಾಡಲೇ?' ಎಂದು ಕೇಳುವುದಿಲ್ಲ. ಹೊಡೆದರೆ ಆಗಿಹೋಯಿತು.

ಇನ್ನೊಂದನ್ನು ಇಲ್ಲೇ ಹೇಳಿಬಿಡಬೇಕು. ಕೋರ್ಸು ಮುಗಿದವರ ಸರ್ಟಿಫಿಕೇಟು ಅಚ್ಚಾಗುತ್ತಿದ್ದುದು ಆ ಪೂರ್ಣ ಹೆಸರಿನ ಅಂಕಣದಿಂದಲೇ. ಒಂದೊಂದು ಹಾಳೆಯ ಸರದಿ ಬಂದಾಗ ಯಂತ್ರ ಆ ಹೊತ್ತಿಗೆ ಅಲ್ಲಿರುವ ಹೆಸರನ್ನು ಓದಿಕೊಳ್ಳುತ್ತಿತ್ತು. ಕೈಯಿಂದ ಹೆಸರು ಬರೆಯುವಾಗ ತಪ್ಪುಗಳಾಗುತ್ತವೆಂದು ಆ ಏರ್ಪಾಟನ್ನು ಮಾಡಿದವಳು ನಾನು.

ಸಾವಿತ್ರಿ ಅಲ್ಲಿಗೆ ಕಲಿಯಲು ಬರುತ್ತಿದ್ದವಳು. ತೆಂಗಿನಗುಂಡಿಯಿಂದ ಭಟ್ಕಳಕ್ಕೆ ಒಂದು ಬಸ್ಸು, ಅಲ್ಲಿಂದ ಹೊನ್ನಾವರಕ್ಕೆ ಇನ್ನೊಂದು. ಬೆರಳು ಚುರುಕು, ಮಾತು ಕಮ್ಮಿ, ನಗು ಬಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡೂ ತಡೆಯಲಾರದವಳು. ಒಮ್ಮೆ ಪುಸ್ತಕ ಕೇಳಿಕೊಂಡು ನಮ್ಮ ಮನೆಗೆ ಬಂದಾಗ ಅಮ್ಮ ಅವಳನ್ನು ನೋಡಿದಳು. ಮುಂದಿನದು ದೊಡ್ಡವರ ನಡುವೆ ನಡೆಯಿತು. ಮೇ ತಿಂಗಳಲ್ಲಿ ನನ್ನ ಅಣ್ಣನಿಗೂ ಅವಳಿಗೂ ಮದುವೆಯಾಯಿತು. ಅಣ್ಣ ಕಾಸರಕೋಡ ಬಂದರಿನ ಐಸ್ ಪ್ಲಾಂಟಿನಲ್ಲಿ ಸೂಪರ್‌ವೈಸರ್ ಆಗಿದ್ದ.

ಒಂದೇ ತೊಡಕಿತ್ತು. ಅಮ್ಮನ ಹೆಸರೂ ಸಾವಿತ್ರಿ. ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವುದು ನಮ್ಮ ಮನೆಯಲ್ಲಿ ಮೊದಲಿನಿಂದ ಇದ್ದದ್ದೇ. ಅತ್ತೆಯ ಹೆಸರೂ ಅದೇ ಆದಾಗ ಕೇಳುವುದೇ ಬೇಡ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಅಣ್ಣ ಉಂಗುರದಿಂದ 'ಅನುರಾಧಾ' ಎಂದು ಬರೆದ. 'ರಾ' ಸರಿಯಾಗಿ ಮೂಡದೆ ಎರಡನೆಯ ಸಲ ಗೀಚಿದ್ದು ನೆನಪಿದೆ. ಸಾವಿತ್ರಿ ಬಗ್ಗಿ ಓದಿಕೊಂಡಳು. ಹೆಸರು ಅವಳಿಗೆ ಅಲ್ಲಿಯೇ ತಿಳಿದದ್ದು ಎಂದು ನನ್ನ ನಂಬಿಕೆ.

ಕೋರ್ಸಿನ ಕೊನೆಯ ಪರೀಕ್ಷೆ ಬಾಕಿ ಇತ್ತು. "ಶುರು ಮಾಡಿದ್ದು ಮುಗಿಸ್ಲಿ, ಆಮೇಲೆ ಸಾಕು," ಎಂದಳು ಅಮ್ಮ. ಜೂನಿನಿಂದ ನಾವಿಬ್ಬರೂ ಒಟ್ಟಿಗೆ ಸೇತುವೆ ದಾಟಿ ಹೋಗತೊಡಗಿದೆವು. ಲ್ಯಾಬಿನ ರೂಢಿಯಲ್ಲಿ ಅವಳು ಮನೆಯಲ್ಲೂ ನನ್ನನ್ನು ಮೇಡಂ ಎಂದೇ ಕರೆಯುತ್ತಿದ್ದಳು. ಅಪ್ಪನ ತಾಯಿ, ನಮ್ಮ ಅಜ್ಜಿ, ಒಂದು ದಿನ ತಡೆಯಲಾರದೆ ಕೇಳಿದಳು: "ನಾದಿನಿಗೆ ಮೇಡಮ್ಮು. ಹಂಗಾರೆ ನಂಗೆ ಎಂತ ಹೇಳ್ತೆ ನೀನು? ಹೆಡ್ ಮಾಸ್ತರ್ರು ಅಂತ್ಯಾ?"

ಮಳೆಗಾಲದಲ್ಲಿ ಬೋಟುಗಳು ನೀರಿಗಿಳಿಯುವುದಿಲ್ಲ. ಬೋಟಿಲ್ಲದಿದ್ದರೆ ಐಸಿಗೂ ಕೆಲಸವಿಲ್ಲ. ಅಣ್ಣ ಮನೆಯಲ್ಲೇ ಇರುತ್ತಿದ್ದ. ಒಂದು ಮಧ್ಯಾಹ್ನ ಹೊನ್ನಾವರಕ್ಕೆ ಬಂದವನು ಹೆಂಡತಿಯನ್ನು ಕರೆದುಕೊಂಡು ಹೋಗೋಣವೆಂದು ಕೇಂದ್ರದ ಮೆಟ್ಟಿಲು ಹತ್ತಿದ. ನಾನು ಒಳಗಿನ ಕೋಣೆಯಲ್ಲಿದ್ದೆ. ಬಾಗಿಲ ಬಳಿ ಕೂತಿದ್ದ ಹುಡುಗಿಯ ಹತ್ತಿರ "ಅನುರಾಧಾ ಇದ್ದಾಳಾ?" ಎಂದು ಕೇಳಿದ.

"ಅನುರಾಧಾನಾ? ಆ ಹೆಸ್ರಿನವ್ರು ಇಲ್ಲಿ ಯಾರೂ ಇಲ್ಲ."

"ಕಾಸರಕೋಡಿಂದ ಬರೂಳು."

ಆ ಹುಡುಗಿ ಪರದೆಯ ಮೇಲೆ ಯಾರು ಯಾರು ಒಳಗಿದ್ದಾರೆಂಬ ಪಟ್ಟಿ ತೆಗೆದು ನೋಡಿ, ಕುತ್ತಿಗೆ ಹಿಂದಕ್ಕೆ ಚಾಚಿ ಕೂಗಿದಳು: "ಏ ಸಾವಿತ್ರೀ! ಏಳೇ, ನಿನ್ನ ಕರೂಕೆ ಯಾರೋ ಬಂದಾರೆ! ಮನೆ ಹೆಸ್ರು ಬೇರೆ ಅದೆಯಂತಲ್ಲೇ ನಿಂದು?"

ಇಡೀ ಲ್ಯಾಬು ನಕ್ಕಿತು. ನಾನು ಹೊರಗೆ ಬರುವಷ್ಟರಲ್ಲಿ ಅಣ್ಣನ ಕಿವಿ ಕೆಂಪಾಗಿತ್ತು.

ಸಂಜೆ ಚಾ ಕುಡಿಯುವಾಗ ಅವನೇ ಅದನ್ನು ಹೇಳಿದ. ಅಜ್ಜಿ ನಕ್ಕಳು. ಅಮ್ಮ ನಗಲಿಲ್ಲ.

"ಏ ಸಾವಿತ್ರೀ ಅಂತ ನನ್ನ ಅತ್ತೆಯೂ ಕೂಗ್ಲಿಲ್ಲ ಇಷ್ಟು ವರ್ಷ," ಎಂದಳು.

"ಈಗ ಕೂಗ್ಲನೇ?" ಎಂದಳು ಅಜ್ಜಿ.

"ತಮಾಷೆ ಅಲ್ಲ ಅದು," ಅಣ್ಣ ಲೋಟ ಕೆಳಗಿಟ್ಟ. ನನ್ನ ಕಡೆ ತಿರುಗಿ, "ನಿನ್ನ ಕೈಯಲ್ಲೇ ಅದೆಯಲ್ಲ ಎಲ್ಲ? ಬದಲ್ಸಿಬಿಡು," ಎಂದ.

"ಆತು," ಎಂದೆ ನಾನು. ಅತ್ತಿಗೆ ಒಲೆಯ ಮುಂದೆ ಇದ್ದಳು. ಅವಳನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ ಎಂಬುದನ್ನು ಇಲ್ಲಿ ಬರೆಯುವಾಗ ಗಮನಿಸುತ್ತಿದ್ದೇನೆ.

ಮರುದಿನ ಲ್ಯಾಬಿನಲ್ಲಿ ಹೆಸರು ಬದಲಿಸುವ ಸಾಲು ಹೊಡೆದೆ: usermod -l anuradha savitri. ಹೊಸ ಹೆಸರು ಮೊದಲು, ಹಳೆಯದು ಆಮೇಲೆ. ಯಂತ್ರ ಒಪ್ಪಲಿಲ್ಲ. ಸಾವಿತ್ರಿ ಈಗ ಒಳಗಿದ್ದಾಳೆ ಎಂದಿತು. ಖಾತೆಯಲ್ಲಿ ಯಾರಾದರೂ ಕೆಲಸ ಮಾಡುತ್ತಿದ್ದಾಗ ಅದರ ಹೆಸರು ಬದಲಿಸಲಾಗುವುದಿಲ್ಲ. ಅವರನ್ನು ಹೊರಗೆ ಕಳಿಸಬೇಕು. ಅವಳ ಕೆಲಸವನ್ನು ನಾನೇ ನಿಲ್ಲಿಸಿ ಹೊರಹಾಕಬಹುದಿತ್ತು, ಅದಕ್ಕೂ ಒಂದು ಆಜ್ಞೆ ಇದೆ. ಎದ್ದು ಅವಳ ಬಳಿ ಹೋದೆ.

"ಒಂದ್ಸಲ ಲಾಗೌಟ್ ಆಗು."

"ಎಂತಕ್ಕೆ ಮೇಡಂ?"

"ಹೆಸ್ರು... ಅಣ್ಣ ಹೇಳಿದ್ದು."

"ಓ." ಅವಳು ಹೊಡೆಯುತ್ತಿದ್ದ ಸಾಲನ್ನು ಮುಗಿಸಿ, ಉಳಿಸಿ, ಹೊರಗೆ ಬಂದಳು. "ಗುಪ್ತಪದ ಹಳೇದೇ ಇರ್ತದಾ?"

"ಇರ್ತದೆ."

"ಅಷ್ಟಿದ್ರೆ ಆತು ಬಿಡಿ," ಎಂದು ಕೈ ಮಡಚಿ ಕೂತಳು. ನಾನು ಹೋಗಿ ಒಳಬರುವ ಹೆಸರನ್ನೂ ಪೂರ್ಣ ಹೆಸರನ್ನೂ ಬದಲಿಸಿ ಬಂದೆ. ಎರಡೂ ಅನುರಾಧಾ ಆದವು. ಅವಳ ಜಾಗದಿಂದ ನನ್ನ ಮೇಜಿಗೆ ಹೋಗಿ ಬರುವಷ್ಟು ಹೊತ್ತು ಅವಳು ಯಾವ ಹೆಸರಿನಲ್ಲೂ ಇರಲಿಲ್ಲ. ಈ ಯೋಚನೆ ಆಗಲೇ ಬಂದಿತ್ತೋ ಈಗ ಸೇರಿಕೊಂಡಿತೋ, ಗೊತ್ತಿಲ್ಲ.

ಜುಲೈ ನಡುವಿನಲ್ಲಿ ಒಂದು ಸಂಜೆ ಬಸ್ಸು ಸೇತುವೆಯ ಮೇಲೆ ನಿಂತುಬಿಟ್ಟಿತು. ಮುಂದೆ ಲಾರಿ ಕೆಟ್ಟಿತ್ತು. ಬಾಗಿಲಿನಿಂದ ಕಾಣುತ್ತಿದ್ದುದು ಕೆಳಗಿನ ಕೆಂಪು ನೀರು, ದಡದಲ್ಲಿ ಹಗ್ಗ ಬಿಗಿದು ನಿಲ್ಲಿಸಿದ ಬೋಟುಗಳು. ಕಿಟಕಿಯ ತಗಡು ಇಳಿಸಿದ್ದರಿಂದ ಬಸ್ಸಿನೊಳಗೆ ಕತ್ತಲು. ಅತ್ತಿಗೆ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು. ಕುಮಟಾದ ಒಂದು ಆಸ್ಪತ್ರೆಯಲ್ಲಿ ರೋಗಿಗಳ ವಿವರಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ ಖಾಲಿ ಇದೆ. ಮದುವೆಗೆ ಮುಂಚೆಯೇ ಅರ್ಜಿ ಹಾಕಿದ್ದಳು. ಈಗ ಕರೆ ಬಂದಿದೆ. ನಮ್ಮ ಕೋರ್ಸಿನ ಪರೀಕ್ಷೆ ಶನಿವಾರ, ಆಸ್ಪತ್ರೆಯ ಸಂದರ್ಶನ ಅದರ ನಂತರದ ಸೋಮವಾರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ಕೋರ್ಸಿನ ಸರ್ಟಿಫಿಕೇಟನ್ನೂ ತರಬೇಕು.

"ಎರಡರಲ್ಲೂ ಒಂದೇ ಹೆಸ್ರು ಇರ್ಬೇಕಂತೆ. ಹಿಂದಿನ ಸಲ ಒಬ್ಬಳನ್ನ ಅದಕ್ಕೇ ವಾಪಸ್ ಕಳ್ಸಿದ್ರಂತೆ. ಅಂಕಪಟ್ಟೀಲಿ ನಾನು ಸಾವಿತ್ರಿ."

ವಕೀಲರಿಂದ ಅಫಿಡವಿಟ್ ಮಾಡಿಸಬಹುದಲ್ಲ ಎಂದೆ. ಅದಕ್ಕೆ ಅಣ್ಣನಿಗೆ ಹೇಳಲೇಬೇಕು, ದಿನಗಳೂ ಬೇಕು ಎಂದಳು.

"ನೀವು ಒಂದು ಸಾಲು ಹೊಡೆದ್ರೆ ಆಗ್ತದೆ, ಅಲ್ದಾ ಮೇಡಂ? ಪೂರ್ಣ ಹೆಸ್ರು ಒಂದನ್ನ ಮಾತ್ರ."

"ಅಣ್ಣಂಗೆ ಹೇಳದೆ ನಾ ಮಾಡೂದಿಲ್ಲ. ಹೇಳು ಅವನಿಗೆ."

"ಈಗ ಹೇಳಿದ್ರೆ ಅತ್ತೆ ಕಿವಿಗೆ ಹೋಗ್ತದೆ. ಕೋರ್ಸು ಮುಗಿದ್ರೆ ಸಾಕು ಅಂದಾರೆ ಅವ್ರು. ಸರ್ಟಿಫಿಕೇಟು ಕೈಗೆ ಬರ್ಲಿ, ಎಲ್ಲರ ಎದ್ರಿಗೇ ಹೇಳ್ತೆ. ಅಲ್ಲೀವರೆಗೆ ನೀವೂ ಹೇಳ್ಬೇಡಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಹೀಗೆ ನಾನು ಎರಡು ಮಾತುಗಳ ನಡುವೆ ಸಿಕ್ಕಿಕೊಂಡೆ: ಅಣ್ಣನಿಗೆ ಹೇಳದೆ ಬದಲಿಸುವುದಿಲ್ಲ, ಯಾಕೆ ಬದಲಿಸಬೇಕೆಂದು ಅಣ್ಣನಿಗೆ ಹೇಳುವಂತಿಲ್ಲ. ಆಮೇಲಿನ ದಿನಗಳಲ್ಲಿ ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಸುಲಭವಾಗುತ್ತಿತ್ತು. ಬೆಳಿಗ್ಗೆ ರೂಟ್ ಖಾತೆಗೆ ಹೋಗುವಾಗೆಲ್ಲ ಅವಳ ಸಾಲನ್ನು ತೆರೆದು ನೋಡುತ್ತಿದ್ದೆ, ಮುಚ್ಚುತ್ತಿದ್ದೆ. ಇದು ನನ್ನದೋ, ಅಣ್ಣನದೋ, ಅವಳದೋ? ಹಕ್ಕು ಯಾರ ಕೈಯಲ್ಲಿದೆ ಎಂದು ಯಂತ್ರವನ್ನು ಕೇಳಿದರೆ ಅದಕ್ಕೆ ಉತ್ತರವಿದೆ. ನನಗೆ ಬೇಕಿದ್ದ ಉತ್ತರ ಅದಾಗಿರಲಿಲ್ಲ.

ಪರೀಕ್ಷೆಯ ಶನಿವಾರ ಮಳೆ ನಿಲ್ಲಲೇ ಇಲ್ಲ. ಹುಬ್ಬಳ್ಳಿಯಿಂದ ಬಂದ ಪರೀಕ್ಷಕರು ಮಧ್ಯಾಹ್ನಕ್ಕೆ ಎಲ್ಲರ ಕೆಲಸ ನೋಡಿ ಮುಗಿಸಿದರು. ಅತ್ತಿಗೆ ಚೆನ್ನಾಗಿ ಮಾಡಿದ್ದಳು. ಇನ್ನು ಸರ್ಟಿಫಿಕೇಟುಗಳು ಅಚ್ಚಾಗಬೇಕು, ಅವರು ಅಲ್ಲೇ ಕೂತು ಸಹಿ ಹಾಕಬೇಕು. ಕುಮಟಾದಿಂದ ಹುಬ್ಬಳ್ಳಿಗೆ ಹೋಗುವ ಬಸ್ಸು ಹಿಡಿಯುವ ಅವಸರ ಅವರಿಗೆ. "ಬೇಗ ಮೇಡಂ, ಘಟ್ಟದಾಗ ಗುಡ್ಡ ಕುಸದ್ರ ನಾ ಇಲ್ಲೇ ಉಳೀಬೇಕಾಗ್ತದ," ಎಂದು ಗಡಿಯಾರ ನೋಡುತ್ತಿದ್ದರು. ಅವರು ಹೋದ ಮೇಲೆ ಯಾರ ಹೆಸರನ್ನೂ ತಿದ್ದುವಂತಿರಲಿಲ್ಲ.

ಅಷ್ಟು ಹೊತ್ತಿಗೆ ಅಣ್ಣ ಬಂದ. ರಸ್ತೆಯ ಮೇಲೆ ನೀರು ನಿಂತು ಬಸ್ಸುಗಳು ಸರಿಯಾಗಿ ಓಡುತ್ತಿರಲಿಲ್ಲವೆಂದು, ಬಾಡಿಗೆ ರಿಕ್ಷಾದಲ್ಲಿ ನಮ್ಮಿಬ್ಬರನ್ನು ಕರೆದುಕೊಂಡು ಹೋಗಲು ಬಂದದ್ದು. ಅವನನ್ನು ಕಂಡು ನನಗೆ ಒಂದು ಥರ ಧೈರ್ಯವೇ ಬಂತು. ಕಾರಣ ಹೇಳದೆಯೂ ಕೇಳಬಹುದಲ್ಲ.

"ಅಣ್ಣ, ಸರ್ಟಿಫಿಕೇಟಲ್ಲಿ ಸಾವಿತ್ರಿ ಅಂತಲೇ ಇರ್ಲಾ? ಅಂಕಪಟ್ಟೀಲಿ ಇದ್ದಂಗೆ?"

"ಮನೇಲಿ ಆಡಿ ಮುಗ್ದ ಮಾತು ಇದು. ಮತ್ತೆ ಎಂತಕ್ಕೆ?"

"ಇವಳನ್ನ ಒಂದು ಮಾತು ಕೇಳು."

"ಎಂತ ಕೇಳೂದು?" ಅವನು ಅತ್ತಿಗೆಯ ಕಡೆ ನೋಡಿದ. ಸುತ್ತ ಇಷ್ಟು ಜನ. ಅವಳು ಬಾಗಿಲ ಬಳಿಯ ಪರದೆಯ ಮುಂದೆ ಕೂತು ಕೀಲಿಮಣೆಯನ್ನು ನೋಡುತ್ತಿದ್ದಳು.

ಕರೆಂಟು ಹೋಯಿತು.

ಮಳೆಗಾಲದ ಮಧ್ಯಾಹ್ನ, ಕೋಣೆ ಕಪ್ಪಾಯಿತು. ಬ್ಯಾಟರಿಯ ಮೇಲೆ ಓಡುತ್ತಿದ್ದುದು ಒಳಕೋಣೆಯ ಸರ್ವರು, ಮುದ್ರಣ ಯಂತ್ರ ಮತ್ತು ಬಾಗಿಲ ಬಳಿಯ ಆ ಒಂದು ಪರದೆ ಮಾತ್ರ. ಯುಪಿಎಸ್ ಕೂಗತೊಡಗಿತು. ಆ ಕೂಗು ಶುರುವಾದರೆ ಹೆಚ್ಚು ಹೊತ್ತು ಉಳಿಯುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. "ಹಾಕ್ರಿ ಮೇಡಂ, ಹಾಕ್ರಿ," ಎಂದರು ಪರೀಕ್ಷಕರು. ನಾನು ಒಳಕೋಣೆಗೆ ಓಡಿದೆ. ಪಟ್ಟಿಯಲ್ಲಿ ಅವಳ ಸಾಲನ್ನು ಕೊನೆಯ ಬಾರಿ ನೋಡಿದೆ. ಅನುರಾಧಾ ಎಂದೇ ಇತ್ತು. ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ ಎಂದುಕೊಂಡಿದ್ದೇನೆ. ಬೆರಳು ಕೀಲಿಗಳ ಮೇಲಿತ್ತು, ರೂಟ್ ತೆರೆದಿತ್ತು. ಒಂದು ಸಾಲು. ನಾನು ಹೊಡೆಯಲಿಲ್ಲ. ಅಣ್ಣ ಬೇಡವೆಂದಿದ್ದ, ಅವಳು ಅವನೆದುರು ಬೇಕೆಂದು ಬಾಯಿ ಬಿಟ್ಟಿರಲಿಲ್ಲ. ಮುದ್ರಣಕ್ಕೆ ಕೊಟ್ಟೆ.

ಯಂತ್ರ ಕಿರುಗುಟ್ಟುತ್ತ ಒಂದೊಂದೇ ಹಾಳೆ ಹೊರಗೆ ಬಿಡತೊಡಗಿತು. ಒಂದು ಹಾಳೆ ಸಿಕ್ಕಿಕೊಂಡಿತು, ಬಿಡಿಸಿದೆ. ಒಳಕೋಣೆಯ ಬಾಗಿಲಿನಿಂದ ಹೊರಗೆ ನೋಡಿದಾಗ ಲ್ಯಾಬಿನಲ್ಲಿ ಬೆಳಕಿದ್ದುದು ಆ ಒಂದು ಪರದೆಯ ಮುಂದೆ ಮಾತ್ರ. ಅತ್ತಿಗೆ ಅಲ್ಲಿ ಕೂತಿದ್ದಳು. ಅವಳ ಬೆನ್ನ ಹಿಂದೆ, ಕುರ್ಚಿಯ ಮೇಲೆ ಕೈಯಿಟ್ಟು, ಅಣ್ಣ ನಿಂತಿದ್ದ. ಅವಳ ಬೆರಳುಗಳು ಚಲಿಸುತ್ತಿದ್ದವು. ಕೆಲಸ ಉಳಿಸಿ ಹೊರಬರುತ್ತಿದ್ದಾಳೆ ಎಂದುಕೊಂಡು ಮತ್ತೆ ಹಾಳೆಗಳ ಕಡೆ ತಿರುಗಿದೆ.

ಕೊನೆಯ ಹಾಳೆಗಳಲ್ಲಿ ಅವಳದು ಬಂತು. ಇಂಗ್ಲಿಷ್ ಅಕ್ಷರಗಳಲ್ಲಿ, ದೊಡ್ಡದಾಗಿ, ಸಾವಿತ್ರಿ.

ನನ್ನ ಕೈಯೇ ಹೊಡೆಯಿತೇ ಎಂದು ಒಂದು ಕ್ಷಣ ನನಗೇ ಅನುಮಾನ ಬಂತು. ಪರೀಕ್ಷಕರು ಮೇಣದಬತ್ತಿಯ ಬೆಳಕಿನಲ್ಲಿ ಹೆಸರು ಕೂಗುತ್ತ ಸಹಿ ಹಾಕಿ ಕೊಟ್ಟರು. ಸಾವಿತ್ರಿ ಎಂದು ಕೂಗಿದಾಗ ಅತ್ತಿಗೆ ಏಳುವ ಮೊದಲೇ ಅಣ್ಣ ಕೈ ಚಾಚಿ ತೆಗೆದುಕೊಂಡ. ಬತ್ತಿಯ ಹತ್ತಿರ ಹಿಡಿದು ಓದಿದ. ನನ್ನನ್ನು ನೋಡಿದ. ಅದು ಹೇಗೆ ಬಂತೆಂದು ನನಗೂ ಗೊತ್ತಿರಲಿಲ್ಲ. "ರಿಕ್ಷಾ ಕಾಯ್ತಾ ಅದೆ, ನಡೀರಿ," ಎಂದು ಅದನ್ನು ಪ್ಲಾಸ್ಟಿಕ್ ಚೀಲದೊಳಗೆ ಸೇರಿಸಿದ.

ಮನೆಯಲ್ಲಿ ಅಮ್ಮ ಸರ್ಟಿಫಿಕೇಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ.

"ಹೆಸ್ರು ಸರಿ ಬಂದದ್ಯನಾ?" ಎಂದು ಅಣ್ಣನನ್ನು ಕೇಳಿದಳು.

"ಸರಿ ಬಂದದೆ," ಎಂದ ಅಣ್ಣ.

ಅಡುಗೆಮನೆಯಲ್ಲಿ ಅತ್ತಿಗೆಯನ್ನು ಹಿಡಿದು ನಿಲ್ಲಿಸಿದೆ. "ಎಂತ ಮಾಡ್ದೆ ನೀನು?"

"ಸಿ ಎಚ್ ಎಫ್ ಎನ್," ಎಂದಳು ಮೆಲ್ಲಗೆ. "ನೀವೇ ಕಲ್ಸಿದ್ದು ಮೇಡಂ. ತನ್ನ ಪೂರ್ಣ ಹೆಸ್ರು ತಾನೇ ಬದಲ್ಸೂಕೆ ಯಾರ ಅಪ್ಪಣೆಯೂ ಬೇಡ, ಗುಪ್ತಪದ ಒಂದು ಗೊತ್ತಿದ್ರೆ ಸಾಕು ಅಂತ."

ಕಲಿಸಿದ್ದೆ. chfn ಎಂಬ ಆಜ್ಞೆ ಮೊದಲನೆಯ ತಿಂಗಳ ಪಾಠಗಳಲ್ಲೇ ಬರುತ್ತದೆ. ಒಳಬರುವ ಹೆಸರನ್ನು ಬದಲಿಸಲು ರೂಟ್ ಬೇಕು, ಪೂರ್ಣ ಹೆಸರಿಗೆ ಬೇಡ. ಅಷ್ಟು ದಿನ ಎರಡು ಮಾತುಗಳ ನಡುವೆ ಒದ್ದಾಡಿದ ನನಗೆ ಅದು ಹೊಳೆದಿರಲಿಲ್ಲ. ಅವಳಿಗೆ ಮೊದಲೇ ಹೊಳೆದು ಕಾಯುತ್ತಿದ್ದಳೋ, ಆ ಕತ್ತಲೆಯಲ್ಲಿ ಹೊಳೆಯಿತೋ, ಅದನ್ನು ಅವಳು ಹೇಳಲಿಲ್ಲ.

ಭಾನುವಾರ ಊಟವಾದ ಮೇಲೆ ಅವಳು, ಹೇಳಿದ್ದಂತೆ, ಎಲ್ಲರ ಎದುರೇ ಕುಮಟಾದ ಕೆಲಸದ ಮಾತೆತ್ತಿದಳು. ಸರ್ಟಿಫಿಕೇಟಿನ ಹೆಸರೂ ಹೊರಬಿತ್ತು. ಅಮ್ಮ ಎದ್ದು ಹೋದಳು. ಎಷ್ಟೋ ದಿನ ಮಾತು ಬಿಟ್ಟಳು, ಅತ್ತಿಗೆಯ ಜೊತೆಯಲ್ಲ, ನನ್ನ ಜೊತೆ. ಹೆಸರು ಬದಲಿಸುವುದು ನನ್ನ ಕೈಯಲ್ಲಿರುವ ಕೆಲಸವೆಂದೇ ಅವಳು ತಿಳಿದಿದ್ದಳು. ನಾನು ತಿದ್ದಲಿಲ್ಲ. ಸೋಮವಾರ ಬೆಳಿಗ್ಗೆ ಅಣ್ಣ ಯಾರಿಗೂ ಏನೂ ಹೇಳದೆ ಸ್ಕೂಟರ್ ಒರೆಸಿ, ಅತ್ತಿಗೆಯನ್ನು ಕೂರಿಸಿಕೊಂಡು, ಮಳೆಯಲ್ಲೇ ಕುಮಟಾಕ್ಕೆ ಹೋದ. ಕೆಲಸ ಸಿಕ್ಕಿತು. ಇವತ್ತಿಗೂ ಅವಳು ಅಲ್ಲಿದ್ದಾಳೆ. ಕುಮಟಾದಲ್ಲಿ ಸಾವಿತ್ರಿ, ಮನೆಯಲ್ಲಿ ಅನುರಾಧಾ.

ಇಷ್ಟು ವರ್ಷ ನನ್ನ ಮನಸ್ಸಿನಲ್ಲಿ ಈ ಕಥೆಯಲ್ಲಿ ಅಣ್ಣ ಅಡ್ಡ ನಿಂತವನು, ಅತ್ತಿಗೆ ಅವನ ಕಣ್ಣು ತಪ್ಪಿಸಿ ದಾಟಿದವಳು. ಕಳೆದ ಮಳೆಗಾಲದಲ್ಲಿ ಆ ಕಟ್ಟಡದ ಕೋಣೆಯಲ್ಲಿ, ರವಿಕೆಗೆ ಅಳತೆ ಕೊಡುತ್ತ ನಿಂತಾಗ, ಬಾಗಿಲ ಬಳಿಯ ಜಾಗ ಕಣ್ಣಿಗೆ ಬಿತ್ತು. ಅಲ್ಲಿ ಕೂತವರ ಹಿಂದೆ ನಿಂತರೆ ಪರದೆ ಎಷ್ಟು ದೂರವಿರುತ್ತದೆ? ಒಂದು ಮೊಳವೂ ಇಲ್ಲ. ಇಡೀ ಕೋಣೆಯಲ್ಲಿ ಬೆಳಗುತ್ತಿದ್ದುದು ಅದೊಂದೇ. chfn ಹಳೆಯ ಹೆಸರನ್ನು ತೋರಿಸಿ, ಪಕ್ಕದಲ್ಲಿ ಹೊಸದನ್ನು ಕೇಳುತ್ತದೆ. ಅಣ್ಣನಿಗೆ ಇಂಗ್ಲಿಷ್ ಅಕ್ಷರ ಚೆನ್ನಾಗಿ ಬರುತ್ತದೆ. ಅವನ ಕೈ ಕುರ್ಚಿಯ ಮೇಲಿದ್ದುದನ್ನು ನಾನು ನಿಜವಾಗಿ ನೋಡಿದ್ದೇನೆಯೇ, ಈಗ ಇಟ್ಟುಕೊಂಡಿದ್ದೇನೆಯೇ?

ಅಲ್ಲಿಂದ ನೇರವಾಗಿ ಕಾಸರಕೋಡಕ್ಕೆ ಹೋದೆ. ಅಣ್ಣ ಜಗುಲಿಯಲ್ಲಿ ಕೂತಿದ್ದ. ಅತ್ತಿಗೆ ಇನ್ನೂ ಕುಮಟಾದಿಂದ ಬಂದಿರಲಿಲ್ಲ. ಕೇಳಿದೆ. ಅವನು ನನ್ನ ಮುಖವನ್ನು ನೋಡಿ, "ಅವಳ ಬಸ್ಸು ಬರೂ ಹೊತ್ತಾತು," ಎಂದು ಚಪ್ಪಲಿ ಮೆಟ್ಟಿಕೊಂಡು ರಸ್ತೆಯ ಕಡೆ ನಡೆದ. ಆಮೇಲೆ ಫೋನಿನಲ್ಲಿ ಇನ್ನೊಮ್ಮೆ ಕೇಳಿದ್ದೇನೆ, ಹಬ್ಬಕ್ಕೆ ಬಂದಾಗ ಮತ್ತೊಮ್ಮೆ. ನಾನು ಕೇಳಿದ್ದು ಇಷ್ಟೇ:

"ಅಣ್ಣ, ಅವಳು ತನ್ನ ಹೆಸ್ರು ಹೊಡೀವಾಗ ನೀ ಹಿಂದೇ ನಿಂತಿದ್ದೆಯಲ್ಲ, ಓದಿದ್ಯನಾ?"